ಕುಷ್ಠರೋಗ: ಹೆದರದೆ ಅರಿಯೋಣ



ಪ್ರತಿ ವರ್ಷ ಜನವರಿ 30ರಂದು ನಾವು ಮಹಾತ್ಮಾ ಗಾಂಧೀಜಿಯವರ ಪುಣ್ಯತಿಥಿಯನ್ನು ಆಚರಿಸುತ್ತೇವೆ. ನಮ್ಮ ದೇಶದಲ್ಲಿ ಅದೇ ದಿನ ಕುಷ್ಠರೋಗ ನಿವಾರಣಾ ದಿನವೂ ಹೌದು. 2017ರಿಂದ ಆ ದಿನದಂದೇ ‘ಸ್ಪರ್ಶ’ ಎಂಬ ಹೆಸರಿನ ಜನಜಾಗೃತಿ ಅಭಿಯಾನವೂ ಆರಂಭವಾಗಿದೆ. ಅಂದು ಪ್ರತಿಜ್ಞೆ ಹೇಳುವುದು ಸುಲಭ. ಆ ಪ್ರತಿಜ್ಞೆಯಲ್ಲಿರುವ ವಿಷಯವೇನೆಂದು ತಿಳಿದು ಹೇಳುವುದು ಬೇರೆ ಮಾತು. ತಿಳಿದು ಹೇಳಲಿಕ್ಕೆ ನೆರವಾಗಲೆಂದು ಈ ಲೇಖನವನ್ನು ಬರೆದಿದ್ದೇವೆ.

‘ಈ ರೋಗ ಈಗೆಲ್ಲಿದೆ? ಅದು ಹಳೆಯ ಕಾಲದ ಮಾತು’ ಎಂದು ಹಲವರು ಕೇಳುವುದುಂಟು. ಹಾಗೆ ಅನ್ನಿಸಲು ಕಾರಣವಿಲ್ಲದಿಲ್ಲ. 2005ರ ಡಿಸೆಂಬರ್ ಹೊತ್ತಿಗೆ ನಮ್ಮ ದೇಶದಲ್ಲಿ ಪ್ರತಿ 10,000 ಜನರಲ್ಲಿ ರೋಗಿಗಳ ಪ್ರಮಾಣ ಒಬ್ಬರಿಗಿಂತ ಕೆಳಗಿಳಿಯಿತು. ಆದ್ದರಿಂದ ಇದು ಇನ್ನು ಸಾರ್ವಜನಿಕ ಆರೋಗ್ಯದ ದೊಡ್ಡ ಸಮಸ್ಯೆಯಲ್ಲ ಎಂದು ಸಾರಲಾಯಿತು. ಆದರೆ ಕಡಿಮೆಯಾಗುವುದು ಬೇರೆ, ಇಲ್ಲವಾಗುವುದು ಬೇರೆ. ಇಂದಿಗೂ ಭಾರತದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮವರೇ. ಅವರಲ್ಲಿ ನಿಮ್ಮ ವಯಸ್ಸಿನ ಮಕ್ಕಳೂ ಇದ್ದಾರೆ.

ವಿಜ್ಞಾನದ ಗುರುಗಳಿರುವಾಗ ಕನ್ನಡ ಕಲಿಸುವ ನಾವು ಈ ವಿಷಯವನ್ನು ಏಕೆ ಎತ್ತಿಕೊಂಡೆವು ಎಂದು ನೀವು ಕೇಳಬಹುದು. ಈ ರೋಗದ ಅರ್ಧ ಸಂಕಟ ಅದರ ಹೆಸರಿನಲ್ಲಿಯೇ ಇದೆ. ಶಬ್ದ ಮತ್ತು ಅರ್ಥಗಳ ವಿಚಾರ ನಮ್ಮ ಪಾಲಿನದು. ಆದ್ದರಿಂದ ಅಲ್ಲಿಂದಲೇ ತೊಡಗೋಣ.

ಹೆಸರುಗಳ ವಿಚಾರ

‘ಕುಷ್ಠ’ ಎಂಬುದು ಸಂಸ್ಕೃತ ಶಬ್ದ. ದೇಹವನ್ನು ಕಿತ್ತು ವಿಕಾರಗೊಳಿಸುವಂಥದು ಎಂದು ಹಿಂದಿನ ವೈದ್ಯರು ಅದರ ಅರ್ಥವನ್ನು ಬಿಡಿಸಿದ್ದಾರೆ. ಆಯುರ್ವೇದದಲ್ಲಿ ಕುಷ್ಠವೆಂದರೆ ಒಂದೇ ರೋಗವಲ್ಲ. ಏಳು ಮಹಾಕುಷ್ಠಗಳು, ಹನ್ನೊಂದು ಕ್ಷುದ್ರಕುಷ್ಠಗಳು, ಹೀಗೆ ಹದಿನೆಂಟು ಬಗೆಯ ಚರ್ಮರೋಗಗಳನ್ನು ಆ ಒಂದು ಹೆಸರಿನಲ್ಲಿ ಸೇರಿಸಿದ್ದರು. ಅವುಗಳಲ್ಲಿ ಕೆಲವು ಇಂದಿನ ಕುಷ್ಠರೋಗವೇ ಅಲ್ಲ.

ಕನ್ನಡದಲ್ಲಿ ‘ತೊನ್ನು’ ಎಂಬ ಶಬ್ದವಿದೆ. ಹಾಲಿನಂತೆ ಬೆಳ್ಳಗಾಗುವ ಕಲೆಗೆ ಇಂದು ನಾವು ತೊನ್ನು ಎನ್ನುತ್ತೇವೆ. ಮರಾಠಿಯಲ್ಲಿ ಅದಕ್ಕೆ ‘ಕೋಡ’ ಎನ್ನುತ್ತಾರೆ. ಇದು ಅಂಟುರೋಗವಲ್ಲ, ಕುಷ್ಠಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾದುದರಿಂದ ಆ ಕಲೆ ಬೀಳುತ್ತದೆ. ಆದರೆ ಹಳೆಯ ಬಳಕೆಯಲ್ಲಿ ತೊನ್ನು, ಕುಷ್ಠ ಎರಡೂ ಬೆರೆತುಹೋಗಿದ್ದವು. ಈ ಬೆರಕೆಯಿಂದಾಗಿ ತೊನ್ನು ಇದ್ದವರನ್ನು ಜನ ಕಾರಣವಿಲ್ಲದೆ ದೂರವಿಟ್ಟರು. ಇತ್ತ ನಿಜವಾದ ಕುಷ್ಠದ ಮಚ್ಚೆಯಿದ್ದವರು ‘ನಮ್ಮದು ಬೆಳ್ಳಗಿಲ್ಲವಲ್ಲ, ಇದು ಅದಲ್ಲ’ ಎಂದು ಸುಮ್ಮನೆ ಕುಳಿತರು.

ಮರಾಠಿಯಲ್ಲಿ ಕುಷ್ಠಕ್ಕೆ ‘ಮಹಾರೋಗ’ ಎಂಬ ಹೆಸರೂ ಇದೆ. ಗಡಿಯ ಈಚೆ ಇರುವ ನಮ್ಮ ಹಳ್ಳಿಗಳ ಕನ್ನಡದಲ್ಲಿಯೂ ಆ ಶಬ್ದ ಬಳಕೆಯಲ್ಲಿದೆ. ಹೆಸರೇ ‘ಮಹಾ’ ಎಂದ ಮೇಲೆ ಕೇಳಿದವರ ಎದೆ ನಡುಗದೆ ಇದ್ದೀತೇ? ಇದರ ಮೇಲೆ ಪುರಾಣದ ಕಥೆಗಳೂ ಸೇರಿದವು. ಶ್ರೀಕೃಷ್ಣನ ಮಗ ಸಾಂಬನಿಗೆ ಶಾಪದಿಂದ ಕುಷ್ಠ ಬಂದಿತೆಂದೂ, ಸೂರ್ಯನನ್ನು ಆರಾಧಿಸಿ ಅವನು ಗುಣಹೊಂದಿದನೆಂದೂ ಕಥೆಯಿದೆ. ಜನ ಅದರಲ್ಲಿ ಶಾಪವನ್ನು ನೆನಪಿಟ್ಟರು, ಗುಣವಾದ ಸಂಗತಿಯನ್ನು ಮರೆತರು. ಹೀಗೆ ರೋಗವು ಪಾಪದ ಫಲವೆಂಬ ನಂಬಿಕೆ ಬೇರೂರಿತು.

ಈ ಹೆಸರುಗಳಲ್ಲಿ ನಮಗೆ ಉಪಯುಕ್ತವಾದದ್ದು ಒಂದಿದೆ. ಆರೋಗ್ಯ ಕೇಂದ್ರದ ಗೋಡೆಯ ಮೇಲಿನ ಮರಾಠಿ ಫಲಕದಲ್ಲಿ ‘ಬಧಿರ ಚಟ್ಟಾ’ ಎಂಬ ಮಾತನ್ನು ನೀವು ಓದಿರಬಹುದು. ಚಟ್ಟಾ ಎಂದರೆ ಮಚ್ಚೆ. ಬಧಿರ ಎಂದರೆ ಕನ್ನಡದಲ್ಲಿ ಕಿವುಡ. ಕಿವುಡಾದ ಮಚ್ಚೆ! ಮುಟ್ಟಿದರೆ ಚರ್ಮಕ್ಕೆ ಅದು ಕೇಳಿಸುವುದಿಲ್ಲ. ರೋಗದ ಲಕ್ಷಣವೆಲ್ಲ ಈ ಎರಡು ಶಬ್ದಗಳಲ್ಲಿ ಅಡಗಿದೆ. ಮುಂದಿನ ಪಾಠಕ್ಕೆ ಇದೇ ಆಧಾರ.

ರೋಗಾಣು ಮತ್ತು ಅದರ ನಡೆ

ಕುಷ್ಠರೋಗ ಶಾಪದಿಂದಲೂ ಬರುವುದಿಲ್ಲ, ರಕ್ತಸಂಬಂಧದಿಂದಲೂ ಬರುವುದಿಲ್ಲ. ಇದು ಒಂದು ಸೂಕ್ಷ್ಮ ರೋಗಾಣುವಿನಿಂದ ಬರುತ್ತದೆ. ನಾರ್ವೆ ದೇಶದ ಬರ್ಗೆನ್ ಪಟ್ಟಣದ ವೈದ್ಯ ಗೆರ್ಹಾರ್ಡ್ ಆರ್ಮೌವರ್ ಹ್ಯಾನ್ಸೆನ್ 1873ರಲ್ಲಿ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡುಹಿಡಿದನು. ಆದ್ದರಿಂದ ಇದಕ್ಕೆ ‘ಹ್ಯಾನ್ಸೆನ್ ರೋಗ’ ಎಂಬ ಹೆಸರೂ ಇದೆ. ರೋಗಾಣುವಿನ ಹೆಸರು ಮೈಕೋಬ್ಯಾಕ್ಟೀರಿಯಂ ಲೆಪ್ರೆ. ಕ್ಷಯರೋಗದ ರೋಗಾಣುವಿಗೆ ಇದು ದಾಯಾದಿ.

ಈ ರೋಗಾಣುವಿನ ನಡೆ ಬಹಳ ನಿಧಾನ. ಸಾಮಾನ್ಯ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯೊಳಗೆ ಒಂದು ಎರಡಾಗುತ್ತವೆ. ಇದು ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಆದ್ದರಿಂದ ರೋಗಾಣು ದೇಹವನ್ನು ಹೊಕ್ಕ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸರಾಸರಿ 5 ವರ್ಷ ಹಿಡಿಯುತ್ತದೆ. ಕೆಲವರಲ್ಲಿ 20 ವರ್ಷವೂ ಆದೀತು. ‘ಯಾರಿಂದ ಬಂತು, ಯಾವಾಗ ಬಂತು’ ಎಂದು ಯಾರೂ ಹೇಳಲಾರದೆ ಹೋದದ್ದಕ್ಕೆ ಇದೇ ಕಾರಣ. ಉತ್ತರ ಸಿಗದಿದ್ದಾಗ ಜನ ಪಾಪವನ್ನೂ ಶಾಪವನ್ನೂ ಕಾರಣ ಮಾಡಿದರು.

ಹಾಗಾದರೆ ಇದು ಹರಡುವುದು ಹೇಗೆ? ಚಿಕಿತ್ಸೆ ಪಡೆಯದ ರೋಗಿಯ ಮೂಗು, ಬಾಯಿಗಳಿಂದ ಹೊರಬೀಳುವ ತುಂತುರು ಹನಿಗಳ ಮೂಲಕ, ಅದೂ ಬಹುಕಾಲ ಹತ್ತಿರವಿದ್ದವರಿಗೆ ಹರಡುತ್ತದೆ. ಕೈ ಕುಲುಕಿದರೆ, ಪಕ್ಕದಲ್ಲಿ ಕುಳಿತರೆ, ಒಟ್ಟಿಗೆ ಉಂಡರೆ ಬರುವುದಿಲ್ಲ. ಇನ್ನೊಂದು ಮುಖ್ಯ ಸಂಗತಿಯಿದೆ. ನೂರು ಜನರಲ್ಲಿ ಸುಮಾರು 95 ಜನರಿಗೆ ಈ ರೋಗವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ರೋಗಾಣು ದೇಹವನ್ನು ಹೊಕ್ಕರೂ ಅವರಿಗೆ ಏನೂ ಆಗುವುದಿಲ್ಲ. ಅಂಟುರೋಗಗಳಲ್ಲಿ ಇಷ್ಟು ಸಾವಕಾಶವಾಗಿ ಅಂಟುವವು ಬಹಳ ಕಡಿಮೆ.

ಬೆರಳುಗಳು ಏಕೆ ಸವೆಯುತ್ತವೆ?

ಕುಷ್ಠರೋಗದಲ್ಲಿ ಬೆರಳು ಕೊಳೆತು ಉದುರುತ್ತವೆ ಎಂದು ಬಹು ಜನ ನಂಬಿದ್ದಾರೆ. ಕುಷ್ಠ ಎಂಬ ಶಬ್ದದ ಅರ್ಥವೂ ಆ ನಂಬಿಕೆಗೆ ಇಂಬು ಕೊಟ್ಟಿದೆ. ಆದರೆ ರೋಗಾಣು ಬೆರಳನ್ನು ತಿನ್ನುವುದಿಲ್ಲ. ಅದು ಹಾಳು ಮಾಡುವುದು ನರಗಳನ್ನು.

ನಮ್ಮ ದೇಹದಲ್ಲಿ ಸ್ವಲ್ಪ ತಂಪಾಗಿರುವ ಭಾಗಗಳು ಈ ರೋಗಾಣುವಿಗೆ ಇಷ್ಟ. ಚರ್ಮ, ಮೂಗು, ಕಿವಿಯ ಹಾಲೆ, ಕೈಕಾಲುಗಳಲ್ಲಿ ಚರ್ಮದ ಕೆಳಗೇ ಹಾಯ್ದುಹೋಗುವ ನರಗಳು ಅದರ ನೆಲೆ. ನಿಮ್ಮ ಮೊಣಕೈ ಬಾಗಿಲಿಗೋ ಬೆಂಚಿಗೋ ತಾಗಿದಾಗ ಕಿರುಬೆರಳಿನವರೆಗೆ ಝುಮ್ಮೆಂದು ಮಿಂಚು ಹರಿದಂತಾಗುತ್ತದೆಯಲ್ಲವೇ? ಅಲ್ಲಿ ಎಲುಬಿನ ಮೇಲೆಯೇ ಒಂದು ನರ ಹಾಯ್ದಿದೆ. ಕುಷ್ಠರೋಗಾಣು ಹೆಚ್ಚಾಗಿ ಕಾಡುವುದು ಇಂಥ ನರಗಳನ್ನೇ. ಆ ನರ ಬಾತು ಕೆಟ್ಟರೆ ಕಿರುಬೆರಳು, ಉಂಗುರಬೆರಳುಗಳಲ್ಲಿ ಸ್ಪರ್ಶಜ್ಞಾನ ಹೋಗುತ್ತದೆ. ಬರಬರುತ್ತ ಅವು ಬಾಗಿಕೊಳ್ಳುತ್ತವೆ. ಮೊಣಕಾಲಿನ ಪಕ್ಕದ ನರ ಕೆಟ್ಟರೆ ನಡೆಯುವಾಗ ಪಾದ ಮೇಲೇಳುವುದಿಲ್ಲ. ಮುಖದ ನರ ಕೆಟ್ಟರೆ ಕಣ್ಣಿನ ರೆಪ್ಪೆ ಮುಚ್ಚುವುದಿಲ್ಲ.

ಸ್ಪರ್ಶಜ್ಞಾನ ಹೋದ ಕೈ ನೋವನ್ನು ಅರಿಯದು. ನೋವಿಲ್ಲದಿದ್ದರೆ ಒಳ್ಳೆಯದೇ ಆಯಿತಲ್ಲ ಎನ್ನಬಹುದು. ಹಾಗಲ್ಲ. ನೋವು ನಮ್ಮ ಕಾವಲುಗಾರ. ಹೊಲದಲ್ಲಿ ಜಾಲಿಯ ಮುಳ್ಳು ಚುಚ್ಚಿದರೆ ನಾವು ತಟ್ಟನೆ ಕಾಲೆತ್ತುತ್ತೇವೆ, ಮುಳ್ಳು ಕೀಳುತ್ತೇವೆ. ನೋವು ಗೊತ್ತಾಗದವನು ಆ ಮುಳ್ಳನ್ನು ತುಳಿಯುತ್ತಲೇ ಸಂಜೆಯವರೆಗೆ ನಡೆಯುತ್ತಾನೆ. ಗಾಯ ಕೀವುಗೂಡಿ ಎಲುಬಿಗೆ ಇಳಿಯುತ್ತದೆ. ಮತ್ತೆ ಗಾಯ, ಮತ್ತೆ ಕೀವು. ಹೀಗೆ ವರ್ಷಗಳ ಕಾಲ ನಡೆದು ಬೆರಳುಗಳು ಮೋಟಾಗುತ್ತವೆ. ಬೆರಳನ್ನು ಕಳೆಯುವುದು ರೋಗಾಣುವಲ್ಲ, ಗಮನಕ್ಕೆ ಬಾರದೆ ಉಳಿದ ಗಾಯ.

ಈ ಸತ್ಯವನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಡಾ. ಪಾಲ್ ಬ್ರ್ಯಾಂಡ್ ಪ್ರಮುಖರು. ಅವರು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಹುಟ್ಟಿದ ಇಂಗ್ಲಿಷ್ ವೈದ್ಯರು. 1946ರಲ್ಲಿ ವೆಲ್ಲೂರಿನ ವೈದ್ಯಕೀಯ ಕಾಲೇಜಿಗೆ ಬಂದರು. ತುಕ್ಕು ಹಿಡಿದ ಒಂದು ಬೀಗ ಅವರಿಂದ ತೆಗೆಯಲಾಗದೆ ಹೋದಾಗ ರೋಗಿಯಾಗಿದ್ದ ಒಬ್ಬ ಹುಡುಗ ಬಂದು ಕೀಲಿಯನ್ನು ಒಂದೇ ಸಲಕ್ಕೆ ತಿರುಗಿಸಿಬಿಟ್ಟನಂತೆ. ನೋಡಿದರೆ ಅವನ ಬೆರಳು ಎಲುಬು ಕಾಣುವಷ್ಟು ಕೊಯ್ದುಹೋಗಿತ್ತು, ಹುಡುಗನಿಗೆ ಅದರ ಅರಿವೇ ಇರಲಿಲ್ಲ. ಅವನ ಕೈಯಲ್ಲಿ ವಿಶೇಷ ಬಲವೇನೂ ಇರಲಿಲ್ಲ. ನಮ್ಮ ಕೈಯನ್ನು ‘ಸಾಕು’ ಎಂದು ತಡೆಯುವ ನೋವು ಅವನಿಗಿರಲಿಲ್ಲ, ಅಷ್ಟೇ. ಬಾಗಿದ ಬೆರಳುಗಳನ್ನು ಶಸ್ತ್ರಕ್ರಿಯೆಯಿಂದ ನೆಟ್ಟಗೆ ಮಾಡಿ, ಕೈಯನ್ನು ಮತ್ತೆ ದುಡಿಮೆಗೆ ತರುವ ವಿಧಾನವನ್ನು ಬ್ರ್ಯಾಂಡ್ ಅವರು ಬೆಳೆಸಿದರು. ಗಾಯಗಳನ್ನು ಜೋಪಾನ ಮಾಡಿದರೆ ಅವು ಎಲ್ಲರ ಗಾಯಗಳಂತೆಯೇ ಮಾಯುತ್ತವೆ ಎಂದೂ ತೋರಿಸಿದರು.

ಗುರುತಿಸುವುದು ಹೇಗೆ?

ಈ ಕೆಳಗಿನ ಲಕ್ಷಣಗಳನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

1. ಸುತ್ತಲಿನ ಚರ್ಮಕ್ಕಿಂತ ತಿಳಿಯಾದ, ನಸುಗೆಂಪಾದ ಅಥವಾ ತಾಮ್ರವರ್ಣದ ಮಚ್ಚೆ. ಅದು ಹಾಲಿನಂತೆ ಬೆಳ್ಳಗಿರುವುದಿಲ್ಲ. ತುರಿಸುವುದಿಲ್ಲ, ನೋಯುವುದಿಲ್ಲ.

2. ಆ ಮಚ್ಚೆಯ ಮೇಲೆ ಸ್ಪರ್ಶ ತಿಳಿಯುವುದಿಲ್ಲ. ಅಲ್ಲಿ ಬೆವರು ಬಾರದಿರಬಹುದು, ಕೂದಲು ಉದುರಿರಬಹುದು.

3. ಕೈ ಅಥವಾ ಪಾದಗಳಲ್ಲಿ ಜೋಮು. ಬಿಸಿ, ತಂಪು ಗೊತ್ತಾಗದಿರುವುದು. ಹಿಡಿದ ವಸ್ತು ಕೈಜಾರುವುದು, ಅಂಗಿಯ ಗುಂಡಿ ಹಾಕಲು ತೊಡಕಾಗುವುದು, ಕಾಲಿನಿಂದ ಚಪ್ಪಲಿ ಜಾರಿದರೂ ತಿಳಿಯದಿರುವುದು.

4. ಮುಖದ ಚರ್ಮ ದಪ್ಪಗಾಗಿ ಎಣ್ಣೆ ಸವರಿದಂತೆ ಹೊಳೆಯುವುದು, ಕಿವಿಯ ಹಾಲೆಯಲ್ಲಿ ಗಂಟು, ಹುಬ್ಬಿನ ಕೂದಲು ಉದುರುವುದು. ಕೆಲವರಲ್ಲಿ ಮಚ್ಚೆ ಎದ್ದು ಕಾಣದೆ ಈ ಲಕ್ಷಣಗಳೇ ಮೊದಲು ತೋರುತ್ತವೆ.

ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಬಹಳ ಸರಳ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದಲೋ ಪೆನ್ನಿನ ತುದಿಯಿಂದಲೋ ಮಚ್ಚೆಯನ್ನು ಮೆಲ್ಲನೆ ಮುಟ್ಟುತ್ತಾರೆ. ಮುಟ್ಟಿದ ಜಾಗವನ್ನು ಬೆರಳಿನಿಂದ ತೋರಿಸಲು ಹೇಳುತ್ತಾರೆ. ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ. ಮಚ್ಚೆಯೆಲ್ಲ ಕುಷ್ಠವಲ್ಲ. ಹುಳುಕಡ್ಡಿ, ಚಿಬ್ಬು ಎಲ್ಲ ಇರುತ್ತವೆ. ಯಾವುದು ಯಾವುದೆಂದು ವೈದ್ಯರು ಹೇಳಲಿ. ತೋರಿಸುವುದು ಮಾತ್ರ ನಮ್ಮ ಕೆಲಸ.

ಚಿಕಿತ್ಸೆಯ ಕಥೆ

ಹಿಂದೆ ಈ ರೋಗಕ್ಕೆ ತುವರಕದ ಎಣ್ಣೆಯೇ ಔಷಧಿಯಾಗಿತ್ತು. ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಆ ಮರದ ಬೀಜದ ಗುಣವನ್ನು ಸುಶ್ರುತನೂ ಹೇಳಿದ್ದಾನೆ. ಅದರಿಂದ ಕೆಲವರಿಗೆ ಸ್ವಲ್ಪ ಉಪಶಮನ ಸಿಗುತ್ತಿದ್ದರೂ ರೋಗ ಬೇರು ಸಹಿತ ಹೋಗುತ್ತಿರಲಿಲ್ಲ. 1940ರ ದಶಕದಲ್ಲಿ ಡ್ಯಾಪ್ಸೋನ್ ಜಾತಿಯ ಔಷಧಿಗಳು ಬಂದವು. ಮೊದಲ ಸಲ ರೋಗಿಗಳಿಗೆ ನಿಜವಾದ ಆಸೆ ಹುಟ್ಟಿತು. ಆದರೆ ಗುಳಿಗೆಯನ್ನು ವರ್ಷಾನುಗಟ್ಟಲೆ, ಕೆಲವರು ಆಯುಷ್ಯವಿಡೀ ನುಂಗಬೇಕಾಗಿತ್ತು. ಬರಬರುತ್ತ ರೋಗಾಣುಗಳು ಆ ಒಂದೇ ಔಷಧಿಗೆ ಜಗ್ಗದಂತಾದವು.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಒಂದಕ್ಕಿಂತ ಹೆಚ್ಚು ಔಷಧಿಗಳನ್ನು ಕೂಡಿಸಿ ಕೊಡಬೇಕೆಂದು ಸಲಹೆ ಮಾಡಿತು. ಇದೇ ಬಹುವಿಧ ಔಷಧಿ ಚಿಕಿತ್ಸೆ. ರಿಫಾಂಪಿಸಿನ್, ಕ್ಲೋಫಾಜಿಮಿನ್, ಡ್ಯಾಪ್ಸೋನ್ ಎಂಬವು ಇದರ ಔಷಧಿಗಳು. ಒಂದರಿಂದ ತಪ್ಪಿಸಿಕೊಂಡ ರೋಗಾಣು ಇನ್ನೊಂದಕ್ಕೆ ಸಿಕ್ಕೇ ಸಿಗುತ್ತದೆ. ನಮ್ಮ ದೇಶದ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮ 1983ರಲ್ಲಿ ಆರಂಭವಾಯಿತು. ಮಚ್ಚೆಗಳು ಐದರವರೆಗೆ ಇದ್ದರೆ 6 ತಿಂಗಳು, ಐದಕ್ಕಿಂತ ಹೆಚ್ಚಿದ್ದರೆ 12 ತಿಂಗಳು ಚಿಕಿತ್ಸೆ. ತಿಂಗಳಿಗೊಂದು ಗುಳಿಗೆಯ ಪಟ್ಟಿ. ತಿಂಗಳ ಮೊದಲ ಗುಳಿಗೆಗಳನ್ನು ಆರೋಗ್ಯ ಸಿಬ್ಬಂದಿಯ ಎದುರಿನಲ್ಲಿಯೇ ನುಂಗಬೇಕು, ಉಳಿದವನ್ನು ದಿನಾಲು ಮನೆಯಲ್ಲಿ. ಸರಕಾರಿ ದವಾಖಾನೆಯಲ್ಲಿ ಇದಕ್ಕೆ ಒಂದು ಪೈಸೆಯೂ ಕೊಡಬೇಕಾಗಿಲ್ಲ.

ಔಷಧಿ ಆರಂಭಿಸಿದ ಕೆಲವೇ ದಿನಗಳಲ್ಲಿ ರೋಗಿಯಿಂದ ಇನ್ನೊಬ್ಬರಿಗೆ ರೋಗ ಹರಡುವುದು ನಿಲ್ಲುತ್ತದೆ. ಇದನ್ನು ಎಲ್ಲರೂ ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಚಿಕಿತ್ಸೆಯಲ್ಲಿರುವ ರೋಗಿಯನ್ನು ಬೇರೆ ಕೋಣೆಯಲ್ಲಿ ಇಡಬೇಕಾಗಿಲ್ಲ, ಬೇರೆ ತಾಟು ಕೊಡಬೇಕಾಗಿಲ್ಲ. ಮಕ್ಕಳು ಶಾಲೆ ಬಿಡಬೇಕಾಗಿಲ್ಲ. ಜೊತೆಗಿರುವ ಮನೆಯವರನ್ನು ಪರೀಕ್ಷಿಸಿ, ಯೋಗ್ಯರಾದವರಿಗೆ ರೋಗ ಬಾರದಂತೆ ರಿಫಾಂಪಿಸಿನ್ ಔಷಧಿಯನ್ನು ಒಂದು ಸಲ ಕೊಡುವ ಪದ್ಧತಿಯೂ ಈಗ ಇದೆ.

ಎರಡು ಎಚ್ಚರಿಕೆಗಳನ್ನು ಹೇಳಬೇಕು. ಗುಳಿಗೆಯಿಂದ ಮೂತ್ರ ಕೆಂಪಾಗಬಹುದು, ಚರ್ಮ ಸ್ವಲ್ಪ ಕಪ್ಪಾಗಬಹುದು. ಇದಕ್ಕೆ ಹೆದರಿ ಗುಳಿಗೆ ಬಿಡಬಾರದು. ಚಿಕಿತ್ಸೆ ಮುಗಿದ ಮೇಲೆ ಬಣ್ಣ ಮೆಲ್ಲನೆ ತಿಳಿಯಾಗುತ್ತದೆ. ಎರಡನೆಯದು, ಚಿಕಿತ್ಸೆಯ ನಡುವೆಯಾಗಲಿ ಅನಂತರವಾಗಲಿ ಮಚ್ಚೆ ಇದ್ದಕ್ಕಿದ್ದಂತೆ ಕೆಂಪಾಗಿ ಬಾತರೆ, ನರ ನೋಯತೊಡಗಿದರೆ, ಕಣ್ಣು ಕೆಂಪಾದರೆ ಅಂದೇ ದವಾಖಾನೆಗೆ ಹೋಗಬೇಕು. ತಡಮಾಡಿದರೆ ಕೆಲವೇ ದಿನಗಳಲ್ಲಿ ನರ ಕೆಟ್ಟುಹೋಗಬಹುದು. ಅದಕ್ಕೂ ಔಷಧಿಯುಂಟು.

ರೋಗಿಯ ಬಾಳಿಗೆ ಬೀಳುವ ಪೆಟ್ಟು

ಇಷ್ಟು ಸುಲಭವಾದ ಚಿಕಿತ್ಸೆ ಇದ್ದರೂ ಜನ ಕೈಕಾಲು ಕೆಡಿಸಿಕೊಳ್ಳುವವರೆಗೆ ಏಕೆ ಕಾಯುತ್ತಾರೆ? ಹೆಸರು, ಊರು ಹೇಳದೆ ಒಂದು ಸಂಗತಿಯನ್ನು ಹೇಳುತ್ತೇವೆ.

ನಮ್ಮ ಭಾಗದ ಒಬ್ಬ ತಾಯಿ ದಿನಾಲು ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿಯುವವರು. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವುವುದು ನಮ್ಮ ಹೆಣ್ಣುಮಕ್ಕಳಿಗೆ ರೂಢಿಯೇ. ಆ ತಾಯಿಯ ಕಿರುಬೆರಳು ಸುಟ್ಟು ಬೊಬ್ಬೆ ಎದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಮುಂಗೈ ಮೇಲೆ ತಾಮ್ರವರ್ಣದ ಮಚ್ಚೆಯಿತ್ತು. ಮನೆಯಲ್ಲಿ ಮದುವೆಗೆ ಬಂದ ಹಿರಿಯ ಮಗಳಿದ್ದಳು. ‘ಸುದ್ದಿ ಹೊರಬಿದ್ದರೆ ಯಾರು ಹೆಣ್ಣು ಕೇಳಿ ಬರುತ್ತಾರೆ?’ ಎಂಬ ಒಂದೇ ಚಿಂತೆಯಿಂದ ಮೂರು ವರ್ಷ ಆ ಮಚ್ಚೆ ಕುಪ್ಪಸದ ತೋಳಿನ ಕೆಳಗೇ ಉಳಿಯಿತು.

ಒಂದು ದಿನ ಮನೆ ಮನೆಗೆ ತಪಾಸಣೆಗೆಂದು ಆಶಾತಾಯಿ ಬಂದರು. ‘ಬಧಿರ ಚಟ್ಟಾ ಯಾರಿಗಾದರೂ ಇದೆಯೇ?’ ಎಂದು ಮರಾಠಿಯಲ್ಲಿ ಕೇಳಿದರು. ಅತ್ತೆಗೆ ಆ ಮಾತು ತಿಳಿಯಲಿಲ್ಲ. ‘ನಮ್ಮ ಮನ್ಯಾಗ ಕಿವುಡರು ಯಾರೂ ಇಲ್ಲವ್ವಾ’ ಎಂದರು. ಶಾಲೆ ಓದುತ್ತಿದ್ದ ಕಿರಿಯ ಮಗಳು ಅಲ್ಲಿಯೇ ಇದ್ದಳು. ‘ಕಿವುಡರಲ್ಲ ಆಯೀ, ಮುಟ್ಟಿದರ ಗೊತ್ತಾಗದ ಮಚ್ಚಿ ಅಂತ ಕೇಳಾಕ ಹತ್ಯಾರ’ ಎಂದಳು. ಆಮೇಲೆ ತಾಯಿಯ ಕಡೆ ತಿರುಗಿ, ‘ಅವ್ವಾ, ಕೈ ತೋರಸು’ ಎಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅನಂತರ ತಾಯಿ ಕೈ ಮುಂದೆ ಚಾಚಿದರು.

12 ತಿಂಗಳು ಗುಳಿಗೆ ನುಂಗಿ ಆ ತಾಯಿ ಗುಣವಾದರು. ರೋಗ ಹೋಯಿತು, ಆದರೆ ಬಾಗಿದ ಎರಡು ಬೆರಳು ಬಾಗಿಯೇ ಉಳಿದವು. ಮೂರು ವರ್ಷ ಮೊದಲೇ ತೋರಿಸಿದ್ದರೆ ಅವು ನೆಟ್ಟಗೆ ಉಳಿಯುತ್ತಿದ್ದವು. ಆ ವರ್ಷ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಊಟಕ್ಕೆ ಕುಳಿತಾಗ ಅವರು ಬಡಿದ ರೊಟ್ಟಿಯನ್ನು ಕೆಲವರು ಮುಟ್ಟಲಿಲ್ಲ. ಆಗ ನೆರೆಮನೆಯ ಹಿರಿಯಳೊಬ್ಬಳು ಎಲ್ಲರ ಎದುರಿಗೆ ಅದೇ ರೊಟ್ಟಿಯನ್ನು ಮುರಿದು ಉಂಡಳು. ಮರುವರ್ಷ ಆ ಮಾತೇ ಬರಲಿಲ್ಲ.

ರೋಗಿಯ ದುಃಖದ ಎರಡು ಮುಖಗಳು ಈ ಸಂಗತಿಯಲ್ಲಿವೆ. ರೋಗ ಚರ್ಮದಿಂದ ಸ್ಪರ್ಶವನ್ನು ಕಸಿಯುತ್ತದೆ. ಸಮಾಜ ಮನುಷ್ಯರ ನಡುವಿನ ಸ್ಪರ್ಶವನ್ನು ಕಸಿಯುತ್ತದೆ. ಮೊದಲನೆಯದಕ್ಕೆ ಗುಳಿಗೆ ಉಂಟು. ಎರಡನೆಯದಕ್ಕೆ ಔಷಧಿ ನಾವೇ. ಮನೆಯಿಂದ ಹೊರಬಿದ್ದು, ಕೆಲಸ ಕಳೆದುಕೊಂಡು, ಜಾತ್ರೆಗಳಲ್ಲಿ ದೇವಸ್ಥಾನದ ಮೆಟ್ಟಿಲ ಬದಿಗೆ ತಾಟು ಹಿಡಿದು ಕುಳಿತವರನ್ನು ನೀವು ಕಂಡಿರಬಹುದು. ಅವರಲ್ಲಿ ಬಹುತೇಕರು ಎಂದೋ ಗುಣವಾದವರು. ಅವರಿಂದ ರೋಗ ಹರಡುವ ಪ್ರಶ್ನೆಯೇ ಇಲ್ಲ. ಉಳಿದಿರುವುದು ಹಳೆಯ ಗಾಯದ ಗುರುತು ಮಾತ್ರ. ಬೆಂಕಿಯಲ್ಲಿ ಕೈ ಸುಟ್ಟುಕೊಂಡವನ ಕಲೆಯನ್ನು ನೋಡಿ ನಾವು ಬೆಂಕಿ ತಗುಲೀತೆಂದು ಓಡುತ್ತೇವೆಯೇ?

ದಾರಿ ತೋರಿದವರು

ಪರಚುರೆ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡವರು. ಕುಷ್ಠರೋಗ ಬಂದಾಗ ಅವರು ವರ್ಧಾ ಬಳಿಯ ಸೇವಾಗ್ರಾಮ ಆಶ್ರಮಕ್ಕೆ ಬಂದರು. ಗಾಂಧೀಜಿಯವರು ತಮ್ಮ ಕುಟೀರದ ಹತ್ತಿರವೇ ಅವರಿಗೆ ಗುಡಿಸಲು ಕಟ್ಟಿಸಿ, ತಮ್ಮ ಕೈಯಾರೆ ಅವರ ಶುಶ್ರೂಷೆ ಮಾಡಿದರು. ಗುಣಪಡಿಸುವ ಔಷಧಿ ಇನ್ನೂ ಇರದ ಕಾಲವದು. ಗಾಂಧೀಜಿಯವರು ಬರೆದ ರಚನಾತ್ಮಕ ಕಾರ್ಯಕ್ರಮದಲ್ಲಿ ಕುಷ್ಠರೋಗಿಗಳ ಸೇವೆಯೂ ಒಂದು ಅಂಗವಾಗಿತ್ತು. ಅವರ ಪುಣ್ಯತಿಥಿಯನ್ನೇ ಕುಷ್ಠರೋಗ ನಿವಾರಣಾ ದಿನವಾಗಿ ಆರಿಸಿಕೊಂಡುದರ ಔಚಿತ್ಯ ಇದರಿಂದ ತಿಳಿಯುತ್ತದೆ.

ನಮ್ಮ ಮಹಾರಾಷ್ಟ್ರದವರೇ ಆದ ಬಾಬಾ ಆಮಟೆಯವರ ಹೆಸರನ್ನು ನೀವು ಕೇಳಿದ್ದೀರಿ. ಮುರಲೀಧರ ದೇವಿದಾಸ ಆಮಟೆ ಎಂಬುದು ಅವರ ಪೂರ್ಣ ಹೆಸರು. 1914ರಲ್ಲಿ ಹಿಂಗಣಘಾಟದಲ್ಲಿ ಶ್ರೀಮಂತ ಮನೆತನದಲ್ಲಿ ಹುಟ್ಟಿ ವಕೀಲರಾದವರು. ಒಂದು ಮಳೆಯ ದಿನ ದಾರಿಯ ಬದಿಗೆ ಬಿದ್ದಿದ್ದ ತುಳಸೀರಾಮ ಎಂಬ ಕುಷ್ಠರೋಗಿಯನ್ನು ಕಂಡು ಅವರು ಮೊದಲು ಹೆದರಿ ಹಿಂದೆ ಸರಿದರು. ತಮ್ಮ ಆ ಹೆದರಿಕೆಗೆ ತಾವೇ ನಾಚಿ ಮರಳಿ ಬಂದು ಅವನ ಸೇವೆ ಮಾಡಿದರು. ರೋಗಕ್ಕಿಂತ ಭಯವೇ ದೊಡ್ಡ ವೈರಿ ಎಂಬುದು ಅವರಿಗೆ ಅಂದು ಮನದಟ್ಟಾಯಿತು. 1951ರಲ್ಲಿ ಚಂದ್ರಪುರ ಜಿಲ್ಲೆಯ ವರೋರಾ ಬಳಿ, ಕಲ್ಲುಮುಳ್ಳು ತುಂಬಿದ ನೆಲದಲ್ಲಿ ‘ಆನಂದವನ’ ಆರಂಭವಾಯಿತು. ಪತ್ನಿ ಸಾಧನಾತಾಯಿ, ಆರು ಜನ ರೋಗಿಗಳು, ಒಂದು ಕುಂಟ ಹಸು, ಕೈಯಲ್ಲಿ 14 ರೂಪಾಯಿ, ಇಷ್ಟೇ ಅವರ ಬಂಡವಾಳವಾಗಿತ್ತೆಂದು ಹೇಳುತ್ತಾರೆ. ಬೆರಳಿಲ್ಲದ ಕೈಗಳೇ ಅಲ್ಲಿ ಬಾವಿ ತೋಡಿದವು, ಬೆಳೆ ಬೆಳೆದವು, ಮಗ್ಗ ನಡೆಸಿದವು. ರೋಗಿಗೆ ಭಿಕ್ಷೆ ಬೇಡ, ದುಡಿಮೆ ಕೊಡಿ ಎಂಬುದು ಬಾಬಾ ಅವರ ನಿಲುವಾಗಿತ್ತು. 1985ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2008ರ ಫೆಬ್ರುವರಿ 9ರಂದು ಅವರು ಆನಂದವನದಲ್ಲಿಯೇ ದೇಹವಿಟ್ಟರು.

ಕಾನೂನು ಬದಲಾದ ಬಗೆ

ಭಯ ಜನರ ಮನಸ್ಸಿನಲ್ಲಷ್ಟೇ ಅಲ್ಲ, ಕಾನೂನಿನಲ್ಲಿಯೂ ಕುಳಿತಿತ್ತು. 1898ರ ಕಾಯ್ದೆಯ ಪ್ರಕಾರ ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಆಶ್ರಯಧಾಮಗಳಲ್ಲಿ ಕೂಡಿಹಾಕಬಹುದಾಗಿತ್ತು. ಅದು ಪೂರ್ತಿಯಾಗಿ ರದ್ದಾದದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠವಿದೆ ಎಂಬ ಕಾರಣ ಕೊಟ್ಟು ವಿಚ್ಛೇದನ ಪಡೆಯಲು ವಿವಾಹ ಕಾಯ್ದೆಗಳಲ್ಲಿ ಅವಕಾಶವಿತ್ತು. 2019ರ ತಿದ್ದುಪಡಿಯಿಂದ ಆ ಮಾತನ್ನು ತೆಗೆದುಹಾಕಲಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕುಷ್ಠದಿಂದ ಗುಣವಾಗಿಯೂ ಅಂಗಹಾನಿ ಉಳಿದವರಿಗೆ ಸ್ಥಾನ ದೊರೆತಿದೆ. ಗುಣಪಡಿಸುವ ಔಷಧಿ 1980ರ ದಶಕದಲ್ಲಿಯೇ ಬಂದಿತ್ತು. ಕಾನೂನಿನ ಅಕ್ಷರ ಅದನ್ನು ಹಿಂಬಾಲಿಸಲು ಮೂರು ದಶಕ ಹಿಡಿಯಿತು. ಜನರ ಮನಸ್ಸು ಇನ್ನೆಷ್ಟು ದಿನ ತಡಮಾಡಬೇಕು?

ನಮ್ಮ ಕೆಲಸ

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ವಾರಕ್ಕೊಮ್ಮೆ ಮಕ್ಕಳಿಗೆ ಎಣ್ಣೆ ಹಚ್ಚಿ ಎರೆಯುವಾಗ ಅವರ ಬೆನ್ನು, ತೋಳು, ತೊಡೆಗಳನ್ನು ಬೆಳಕಿನಲ್ಲಿ ನೋಡಿರಿ. ತಿಳಿಬಣ್ಣದ ಮಚ್ಚೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಮುಚ್ಚಿಡಬೇಡಿರಿ. ಮುಚ್ಚಿಟ್ಟ ಮಚ್ಚೆ ಮುಂದೆ ಮುಚ್ಚಲಾಗದ ಕೈಯಾಗುತ್ತದೆ.

ಸ್ಪರ್ಶಜ್ಞಾನ ಕಳೆದುಕೊಂಡ ಹಿರಿಯರು ಮನೆಯಲ್ಲಿದ್ದರೆ ಮಕ್ಕಳು ಅವರಿಗೆ ಕಣ್ಣಾಗಬೇಕು. ದಿನಾಲು ರಾತ್ರಿ ಅವರ ಕೈ ಮತ್ತು ಪಾದಗಳಲ್ಲಿ ಗಾಯ, ಬೊಬ್ಬೆ ಇವೆಯೇ ಎಂದು ನೋಡಿರಿ. ಪಾದಗಳನ್ನು ಸುಮಾರು 20 ನಿಮಿಷ ತಣ್ಣೀರಿನಲ್ಲಿ ನೆನೆಯಿಟ್ಟು, ಒರಟು ಚರ್ಮವನ್ನು ಮೆಲ್ಲನೆ ಉಜ್ಜಿ, ಎಣ್ಣೆ ಸವರಿರಿ. ಮೆತ್ತನೆಯ ರಬ್ಬರಿನ ವಿಶೇಷ ಚಪ್ಪಲಿಗಳನ್ನು ಆರೋಗ್ಯ ಇಲಾಖೆಯೇ ಕೊಡುತ್ತದೆ, ಕೇಳಿ ಪಡೆಯಿರಿ. ಬಿಸಿ ಪಾತ್ರೆಯನ್ನು ಅರಿವೆಯಿಂದಲೇ ಹಿಡಿಯಲು ನೆನಪಿಸಿರಿ.

ವಿದ್ಯಾರ್ಥಿಗಳಿಗೆ ಇನ್ನೊಂದು ಕೆಲಸವಿದೆ, ಅದು ನಿಮಗಷ್ಟೇ ಸಾಧ್ಯ. ನಾವು ಎರಡು ಭಾಷೆಗಳ ನಡುವೆ ಬಾಳುವವರು. ಪೇಟೆಯ, ದವಾಖಾನೆಯ, ಕಚೇರಿಯ ಮಾತು ಮರಾಠಿ. ನಮ್ಮ ಅಜ್ಜಿಯರ ಭಯವೂ ನಂಬಿಕೆಯೂ ಕನ್ನಡದಲ್ಲಿವೆ. ಗೋಡೆಯ ಮೇಲಿನ ಫಲಕ ಅವರನ್ನು ಮುಟ್ಟುವುದಿಲ್ಲ. ನೀವು ಎರಡನ್ನೂ ಬಲ್ಲವರು. ಓದಿದ್ದನ್ನು ಮನೆಯ ಮಾತಿನಲ್ಲಿ ತಿಳಿಯುವಂತೆ ಹೇಳಿರಿ. ಭಾಷೆ ಕಲಿತದ್ದರ ಉಪಯೋಗ ಪರೀಕ್ಷೆಯ ಅಂಕಗಳಿಗಷ್ಟೇ ಮುಗಿಯುವುದಿಲ್ಲ. ಒಂದು ಕೈಯ ಬೆರಳುಗಳು ಅದರಿಂದ ಉಳಿದಾವು.

2027ರ ಹೊತ್ತಿಗೆ ಈ ರೋಗ ಹರಡುವುದನ್ನೇ ನಿಲ್ಲಿಸಬೇಕೆಂದು ನಮ್ಮ ದೇಶ ಗುರಿ ಇಟ್ಟುಕೊಂಡಿದೆ. ಗುಳಿಗೆ ಸರಕಾರ ಕೊಡುತ್ತದೆ. ಮಚ್ಚೆಯನ್ನು ತೋರಿಸುವ ಧೈರ್ಯವನ್ನೂ, ತೋರಿಸಿದವರ ಕೈ ಹಿಡಿಯುವ ಮನಸ್ಸನ್ನೂ ಮನೆಮನೆಯಲ್ಲಿ ಬೆಳೆಸೋಣ.

ಅಭ್ಯಾಸಕ್ಕೆ ಕೆಲವು ಪ್ರಶ್ನೆಗಳು

1. ತೊನ್ನಿನ ಕಲೆಗೂ ಕುಷ್ಠದ ಮಚ್ಚೆಗೂ ಇರುವ ವ್ಯತ್ಯಾಸಗಳೇನು?
2. ‘ನೋವು ನಮ್ಮ ಕಾವಲುಗಾರ’ ಎಂಬ ಮಾತನ್ನು ಉದಾಹರಣೆ ಕೊಟ್ಟು ವಿವರಿಸಿರಿ.
3. ಒಂದರ ಬದಲು ಹಲವು ಔಷಧಿಗಳನ್ನು ಕೂಡಿಸಿ ಕೊಡುವುದೇಕೆ?
4. ಆರೋಗ್ಯ ಕೇಂದ್ರದ ಒಂದು ಮರಾಠಿ ಫಲಕವನ್ನು ನಿಮ್ಮ ಅಜ್ಜಿಗೆ ತಿಳಿಯುವ ಕನ್ನಡದಲ್ಲಿ ಬರೆದು, ಅವರಿಗೆ ಓದಿ ಹೇಳಿರಿ. ಅವರು ಕೇಳಿದ ಪ್ರಶ್ನೆಗಳನ್ನು ತರಗತಿಗೆ ತನ್ನಿರಿ.